ನಲವತ್ತೆಂಟನೆಯ ಪುಟ

ಮನುಷ್ಯನ ಕೈ ಬಹಳ ಆತುರದ ಅಂಗ. ತಲೆ ಇನ್ನೂ ಯೋಚಿಸುತ್ತಿರುವಾಗಲೇ ಅದು ಮೇಲೆದ್ದುಬಿಟ್ಟಿರುತ್ತದೆ. ಎಬೊ ಕ್ವಾನ್ಸಾ ಅವರ ಬಲಗೈ ಒಂದು ಮಂಗಳವಾರ ಬೆಳಿಗ್ಗೆ ಹತ್ತೂಕಾಲಿಗೆ ವಿಶ್ವವಿದ್ಯಾಲಯದ ನಾಟಕ ತರಗತಿಯಲ್ಲಿ ಹೀಗೆ ಮೇಲೆದ್ದಿತು. ಅದನ್ನು ಕೆಳಗಿಳಿಸಲು ಹನ್ನೊಂದು ವಾರ ಮತ್ತು ಎರಡು ಕುರಿ ಬೇಕಾದವು.

"ನಾಟಕವನ್ನ ಕೊನೇ ಪುಟದವರೆಗೂ ಓದಿದೋರು ಯಾರು?" ಎಂದು ಪ್ರೊಫೆಸರ್ ಎಸ್ಸುಮನ್ ಕೇಳಿದ್ದರು, ಅಷ್ಟೆ. ಮೂವತ್ತು ಜನ ಹುಡುಗ ಹುಡುಗಿಯರು ತಂತಮ್ಮ ಚಪ್ಪಲಿಯ ಅಂದ ನೋಡತೊಡಗಿದರು. ಎಬೊ ಅವರಿಗೆ ಆ ಸೌಲಭ್ಯ ಇರಲಿಲ್ಲ. ವಯಸ್ಸು ನಲವತ್ತೇಳು, ಕೂತದ್ದು ಮೊದಲ ಬೆಂಚು, ಜೇಬಿನಲ್ಲಿ ಎರಡು ಪೆನ್ನು. ಇಷ್ಟೆಲ್ಲ ಇಟ್ಟುಕೊಂಡು ಓದಿಲ್ಲ ಅಂದರೆ ಹೇಗೆ? ಕೈ ಎದ್ದಿತು.

ಎಬೊ ಅವರು ಮೀನುಗಾರಿಕೆ ಇಲಾಖೆಯಲ್ಲಿ ಇಪ್ಪತ್ತೆರಡು ವರ್ಷದ ಗುಮಾಸ್ತರು. ಹೋದ ವರ್ಷ ಒಂದು ಸುತ್ತೋಲೆ ಬಂತು: ಡಿಪ್ಲೊಮಾ ಇಲ್ಲದವರಿಗೆ ಬಡ್ತಿ ಇಲ್ಲ. ಅದರರ್ಥ, ಈ ಸಲ ಪಾಸಾಗದಿದ್ದರೆ ಅವರು ತಾವೇ ಕೈಹಿಡಿದು ಕೆಲಸ ಕಲಿಸಿದವನ ಮುಂದೆ ನಿಂತು ರಜೆ ಕೇಳಬೇಕು. ಯಾವ ವಿಷಯ ತಗೊಳ್ಳಲಿ ಎಂದು ಭಾವಮೈದುನನನ್ನು ಕೇಳಿದರು. "ನಾಟಕ ತಗೊಳ್ಳಿ ಭಾವ," ಎಂದ ಅವನು. "ಓದೋದು, ಕೂತು ಮಾತಾಡೋದು. ಆಫೀಸಲ್ಲಿ ಇಪ್ಪತ್ತೆರಡು ವರ್ಷದಿಂದ ನೀವು ಇನ್ನೇನು ಮಾಡಿದೀರ?"

ನ್ಯಾಯವಾಗಿ ಹೇಳಬೇಕೆಂದರೆ ಎಬೊ ನಾಟಕ ಓದಿದ್ದರು. ಒಂದಲ್ಲ, ಎರಡು ಸಲ, ಜಗುಲಿಯಲ್ಲಿ ಕೂತು, ತುಟಿ ಅಲ್ಲಾಡಿಸುತ್ತ ಓದಿದ್ದರು. ಹಳೆಯ ನಾಟಕ. ಅಚ್ಚಾದ ಪುಸ್ತಕ ಈಗ ಎಲ್ಲೂ ಸಿಗುವುದಿಲ್ಲ, ಗ್ರಂಥಾಲಯದಲ್ಲಿದ್ದ ಒಂದೇ ಪ್ರತಿಯನ್ನು ಯಾರೋ ಪುಣ್ಯಾತ್ಮರು ಕೊಂಡೊಯ್ದು ವರ್ಷಗಳಾಗಿದ್ದವು. ವಿಶ್ವವಿದ್ಯಾಲಯದ ಗೇಟಿನ ಬಳಿಯ ಜೆರಾಕ್ಸ್ ಅಂಗಡಿಯಲ್ಲಿ ಪ್ರೊಫೆಸರರದೇ ಜೆರಾಕ್ಸ್ ಪ್ರತಿ ಒಂದಿತ್ತು, ಅದರಿಂದ ಎಲ್ಲರೂ ಮಾಡಿಸಿಕೊಂಡಿದ್ದರು. ಕಥೆ ಸರಳ. ಒಬ್ಬ ಮುದುಕಿ, ಸತ್ತ ಗಂಡ ಬಾಯಿಕಟ್ಟಿ ಬಿಟ್ಟುಹೋದ ಏಳು ಮಡಕೆ, ಮೂವರು ಗಂಡುಮಕ್ಕಳು. ಒಂದೊಂದು ಮಡಕೆ ತೆರೆದಾಗಲೂ ಒಂದೊಂದು ಜಗಳ. ಆರು ಮಡಕೆ ಮುಗಿಯುವಷ್ಟರಲ್ಲಿ ಮಕ್ಕಳು ಒಬ್ಬೊಬ್ಬರಾಗಿ ಮನೆಬಿಟ್ಟು ಹೋಗಿರುತ್ತಾರೆ. ನಲವತ್ತೇಳನೆಯ ಪುಟದ ಕೊನೆಯ ಸಾಲಿನಲ್ಲಿ ಮುದುಕಿ ಏಳನೆಯ ಮಡಕೆಯ ಮುಚ್ಚಳ ತೆಗೆದು, ಒಳಗೆ ನೋಡಿ, "ಅಯ್ಯೋ, ಇದರಲ್ಲಿ—" ಎನ್ನುತ್ತಾಳೆ. ಅಲ್ಲಿಗೆ ಎಬೊ ಅವರ ಹಾಳೆಗಳು ಮುಗಿದಿದ್ದವು.

ಆಹಾ, ನಾಟಕಕಾರ ಎಷ್ಟು ಚೆನ್ನಾಗಿ ನಿಲ್ಲಿಸಿದ್ದಾನೆ ಎಂದುಕೊಂಡು ಅವರು ಹಾಳೆ ಮಡಿಸಿಟ್ಟಿದ್ದರು. ಆದರೆ ಅವರ ಕೈ ಮೇಲೆದ್ದ ಕ್ಷಣದಲ್ಲೇ ಹಿಂದಿನ ಬೆಂಚಿನಿಂದ ನ್ಯಾಮೆಚೆ ಎಂಬ ಹುಡುಗಿ, ತರಗತಿಯ ಜಾಣೆ, ಎದ್ದು ನಿಂತಳು. "ಸರ್, ಕೊನೇಲಿ ಆ ಮಡಕೆಯಿಂದ ಹೊರಬಂದಿದ್ದು ನೋಡಿ ನಂಗೆ ಎರಡು ದಿನ ಊಟ ಸೇರಲಿಲ್ಲ," ಎಂದಳು.

ಎಬೊ ತಟ್ಟನೆ ಹಿಂದಕ್ಕೆ ತಿರುಗಿದರು. ಹೊರಬಂತೇ? ಏನು ಹೊರಬಂತು? ಹಾಗಾದರೆ ನಲವತ್ತೆಂಟನೆಯ ಪುಟ ಅಂತ ಒಂದಿದೆ! ಅಂಗಡಿಯವನು ತಮಗೊಬ್ಬರಿಗೇ ಅದನ್ನು ಕೊಡದೆ ಮೋಸ ಮಾಡಿದ್ದಾನೆ! ಆದರೆ ಕೈ ಆಗಲೇ ಮೇಲಿತ್ತು. "ಭೇಷ್! ಇಬ್ಬರಾದರೂ ಓದಿದೀರಲ್ಲ," ಎಂದರು ಪ್ರೊಫೆಸರು. ಇನ್ನು ಕೇಳುವ ಹಾಗೂ ಇಲ್ಲ, ಬಿಡುವ ಹಾಗೂ ಇಲ್ಲ.

ಎಬೊ ಅಂಗಡಿಗೆ ಓಡಿದರು. "ಕೊಟ್ಟಷ್ಟು ಹಾಳೆ ಹೊಡ್ದಿದೀನಿ ಸ್ವಾಮಿ. ನಲವತ್ತೇಳು ಕೊಟ್ರೆ ನಲವತ್ತೆಂಟು ಬರೋಕೆ ಇದೇನು ಕೋಳಿನಾ, ಮಿಷನ್ನು," ಎಂದ ಅಂಗಡಿಯವನು. ನ್ಯಾಮೆಚೆಯನ್ನು ಮೆಲ್ಲಗೆ, "ಅಮ್ಮಾ, ನಿನ್ನ ಪ್ರತಿ ಒಂದು ನಿಮಿಷ ಕೊಡ್ತೀಯಾ? ನೀನು ಎಲ್ಲೆಲ್ಲಿ ಗೆರೆ ಎಳ್ದಿದೀಯ ಅಂತ ನೋಡ್ಬೇಕಿತ್ತು," ಎಂದು ಕೇಳಿದರು. ಅವಳು ಮನೆಯಲ್ಲಿ ಮರೆತು ಬಂದಿದ್ದಳು. ಫೀಫಿ ಎಂಬ ಹುಡುಗನದು ಮಳೆಯಲ್ಲಿ ನೆಂದಿತ್ತು. ಇನ್ನೊಬ್ಬನದನ್ನು ಮೇಕೆ ತಿಂದಿತ್ತು. ಈಗಿನ ಮಕ್ಕಳಿಗೆ ಎಷ್ಟು ಜಿಪುಣತನ ಎಂದು ಎಬೊ ನೊಂದುಕೊಂಡರು.

ಇಷ್ಟಾಗುವಾಗ ಪ್ರೊಫೆಸರ್ ಎಸ್ಸುಮನ್ ದೊರೆಯಾದರು.

ಅದರಲ್ಲೇನೂ ಆಶ್ಚರ್ಯವಿಲ್ಲ. ಅವರದು ಸಿಂಹಾಸನದ ಮನೆತನ. ಸೋದರಮಾವ ತೀರಿಕೊಂಡರು, ಊರಿನವರು ಬಂದು ಇವರನ್ನು ಕೂರಿಸಿದರು. ಶನಿವಾರ ಎಸ್ಸುಮನ್ ಆಗಿದ್ದವರು ಸೋಮವಾರ ನಾನಾ ಆದರು, ದೊರೆಯನ್ನು ಅಲ್ಲಿ ಹಾಗೆಯೇ ಕರೆಯುವುದು. ಮಂಗಳವಾರ ತರಗತಿಗೆ ಬಂದಾಗ ಪ್ಯಾಂಟು ಹೋಗಿ ಹನ್ನೆರಡು ಮೊಳದ ಬಟ್ಟೆ ಭುಜಕ್ಕೇರಿತ್ತು, ಕಾಲಲ್ಲಿ ದೊರೆಗಳ ಅಗಲ ಚಪ್ಪಲಿ, ಹಿಂದೆ ಎಗ್ಯಾ ಬೊಯ್ದು ಎಂಬ ಊರ ಹಿರಿಯ. ನಾನಾ ಎಲ್ಲಿ ಹೋದರೂ ಸಂಪ್ರದಾಯಕ್ಕೆ ಚ್ಯುತಿ ಬಾರದಂತೆ ಕಾಯುವುದು ಈ ಮುದುಕನ ಕೆಲಸ. ಎಂಬತ್ತರ ವಯಸ್ಸು, ಕಿವಿ ಮಾತ್ರ ಹದಿನೆಂಟರದು.

ಪಾಠ ಶುರುವಾಗಿ ಐದು ನಿಮಿಷಕ್ಕೆ ಫೀಫಿ ಎದ್ದು ನಿಂತು, "ಸರ್, ನೀವು ಹೇಳಿದ್ದು ತಪ್ಪು," ಎಂದ. ನಾಟಕದ ತರಗತಿಯಲ್ಲಿ ಇದು ದಿನದ ಮಾತು. ಆದರೆ ಎಗ್ಯಾ ಬೊಯ್ದು ಎದೆ ಹಿಡಿದುಕೊಂಡರು.

"ದೊರೇಗೆ ನೇರವಾಗಿ ಮಾತಾಡ್ದ! ಅದೂ ತಪ್ಪು ಅಂದ! ಏಯ್, ಯಾರ ಮಗನೋ ನೀನು? ಭೂಮಿತಾಯಿ ಕೇಳಿಸ್ಕೊಂಡ್ಬಿಟ್ಟಳಲ್ಲೋ!"

ಒಂದು ಬಾಟಲಿ ಜಿನ್ ತರಿಸಿ, ತರಗತಿಯ ಹೊಸ್ತಿಲಲ್ಲಿ ಪೂರ್ವಜರಿಗೆ ಹನಿಸಿ, ಫೀಫಿಯ ತಪ್ಪನ್ನು ತೊಳೆಯಲಾಯಿತು. ಅನಂತರ ಎಗ್ಯಾ ಬೊಯ್ದು ಕಾನೂನು ಹೇಳಿದರು. ದೊರೆಯ ಮಾತು ಒಚ್ಯಾಮೆಯ, ಅಂದರೆ ದೊರೆಯ ವಕ್ತಾರನ, ಬಾಯಿಂದಲೇ ಹೊರಡಬೇಕು, ದೊರೆಯ ಕಿವಿಗೆ ಹೋಗುವ ಮಾತೂ ಒಚ್ಯಾಮೆಯ ಮೂಲಕವೇ ಹೋಗಬೇಕು. ಒರಟು ಮಾತಿಗೆ ಎಣ್ಣೆ ಹಚ್ಚಿ ನುಣುಪು ಮಾಡಿ ದಾಟಿಸುವ ಆ ನಾಲಿಗೆ ಇಲ್ಲದೆ ದೊರೆತನವೇ ಇಲ್ಲ. ಅದು ಅರಮನೆಯಾಗಲಿ, ಕಾಲೇಜಾಗಲಿ. "ಇನ್ಮೇಲೆ ಯಾರು ನೇರ ಮಾತಾಡಿದ್ರೂ ಒಂದು ಕುರಿ. ದೊರೆ ತಾನೇ ತಪ್ಪಿದ್ರೂ ಒಂದು ಕುರಿ!"

ಹಾಗಾದರೆ ಇಲ್ಲಿ ಒಚ್ಯಾಮೆ ಯಾರು? ಮುದುಕನ ಕಣ್ಣು ಬೆಂಚುಗಳ ಮೇಲೆ ಹರಿದು ಮೊದಲ ಸಾಲಿನಲ್ಲಿ ನಿಂತಿತು. ನರೆತ ಕಿವಿಯಂಚು, ಗೌರವಯುತ ಹೊಟ್ಟೆ, ಎರಡು ಪೆನ್ನು. "ನೀವೇ," ಎಂದರು. ಮರುವಾರವೇ ಎಬೊ ಅವರ ಭುಜಕ್ಕೆ ಒಂದು ಉದ್ದ ಬಟ್ಟೆ, ಕೈಗೆ ಒಂದು ಕೋಲು ಬಂದವು. ಕೋಲಿನ ತುದಿಯಲ್ಲಿ ಮೊಟ್ಟೆ ಹಿಡಿದ ಕೈಯ ಕೆತ್ತನೆ. ಅಧಿಕಾರವೆಂದರೆ ಮೊಟ್ಟೆ, ಬಿಗಿ ಹಿಡಿದರೆ ಒಡೆದೀತು, ಸಡಿಲ ಹಿಡಿದರೆ ಬಿದ್ದೀತು ಎಂದು ಅರ್ಥ. ಎಬೊ ಅವರಿಗಂತೂ ಅದು ತಮ್ಮದೇ ಕೈ ಎನಿಸಿತು. ಆವತ್ತು ಎತ್ತಿದ್ದು ಇನ್ನೂ ಇಳಿದಿಲ್ಲ.

ಆದರೆ ಯಾರಲ್ಲಿ ಯಾವ ವಿದ್ಯೆ ಅಡಗಿರುತ್ತದೋ ಹೇಳಲಾಗದು. ಇಪ್ಪತ್ತೆರಡು ವರ್ಷ ಮೇಲಧಿಕಾರಿಯ ಬೈಗುಳವನ್ನು ಕೆಳಗಿನವರಿಗೆ ಸೌಮ್ಯವಾಗಿ, ಕೆಳಗಿನವರ ಶಾಪವನ್ನು ಮೇಲಧಿಕಾರಿಗೆ ಇನ್ನೂ ಸೌಮ್ಯವಾಗಿ ತಲುಪಿಸಿದವರು ಅವರು. ನ್ಯಾಮೆಚೆ, "ಮುದುಕಿಗೆ ಮಕ್ಕಳ ಮೇಲೆ ಕೋಪ," ಎಂದರೆ, ಎಬೊ ಬಟ್ಟೆಯನ್ನು ಭುಜದಿಂದ ಜಾರಿಸಿ, ಕೋಲು ಊರಿ, ಗಂಟಲು ಸರಿಮಾಡಿಕೊಂಡು, "ನಾನಾ, ಕಡಲು ಎಷ್ಟು ಉಕ್ಕಿದರೂ ಉಪ್ಪನ್ನು ದಡಕ್ಕೆ ಬಿಟ್ಟುಕೊಡದು. ತಾಯಿಯ ಹೊಟ್ಟೆ ಎಷ್ಟು ಉರಿದರೂ ಒಲೆ ಆರಿಸಳು. ಈ ಮಗಳು ಬಿನ್ನವಿಸುವುದೇನೆಂದರೆ, ಮುದುಕಿಗೆ ಕೋಪ," ಎನ್ನುವರು. ನಾನಾ, "ಹೂಂ," ಎನ್ನುವರು. ಎಬೊ ತರಗತಿಯತ್ತ ತಿರುಗಿ, "ದೊರೆ ಕೇಳಿಸಿಕೊಂಡರು. ಆನೆ ತಲೆಯಾಡಿಸಿದರೆ ಕಾಡಿಗೆ ಗಾಳಿ. ಮಗಳೇ, ನಿನ್ನ ಮಾತು ಬೇರೂರಿತು, ಆದರೆ ಹಣ್ಣಿಗೆ ಇನ್ನೂ ಮಳೆ ಬೇಕು," ಎನ್ನುವರು. ಒಂದು ಹೂಂಕಾರದಲ್ಲಿ ಇಷ್ಟೆಲ್ಲ ಇತ್ತೇ ಎಂದು ನಾನಾ ಅವರಿಗೇ ಬೆರಗು. ಬೇರೆ ವಿಭಾಗಗಳಿಂದ ಹುಡುಗರು ಕೇಳಲು ಬಂದು ಗೋಡೆಗೆ ಒರಗಿ ನಿಲ್ಲತೊಡಗಿದರು.

ಇಷ್ಟು ಕೀರ್ತಿಯ ನಡುವೆಯೂ ತಲೆಯೊಳಗೆ ಒಂದೇ ಹುಳ. ಮಡಕೆಯಲ್ಲಿ ಏನಿತ್ತು? ಐದನೆಯ ವಾರ ಎಬೊ ಅವರಿಗೆ ತಡೆಯಲಾಗಲಿಲ್ಲ. ನಾನಾ ಕೆಮ್ಮಿದರು. ಬರೀ ಕೆಮ್ಮು. ಎಬೊ ಕೋಲೆತ್ತಿ ಘೋಷಿಸಿದರು: "ದೊರೆ ಕೇಳುತ್ತಾರೆ: ಏಳನೆಯ ಮಡಕೆಯಲ್ಲಿ ಏನಿತ್ತು?"

ಹೇಳಿದ ಮೇಲೆ ಅವರು ಮೆಲ್ಲಗೆ ಎಗ್ಯಾ ಬೊಯ್ದು ಕಡೆ ನೋಡಿದರು. ಆಡದ ಮಾತನ್ನು ದೊರೆಯ ಬಾಯಿಗಿಟ್ಟದ್ದಕ್ಕೆ ಎಷ್ಟು ಕುರಿಯೋ! ಆದರೆ ನಾನಾ ಬೈಯಲಿಲ್ಲ. ಬದಲಿಗೆ ಕುರ್ಚಿಯಲ್ಲಿ ಒಂದು ಗೇಣು ಮುಂದೆ ಸರಿದು ಕಿವಿಗೊಟ್ಟರು.

ವಿದ್ಯಾರ್ಥಿಗಳು ಒಬ್ಬರ ಮುಖ ಒಬ್ಬರು ನೋಡಿದರು. ಇಷ್ಟು ಸುಲಭದ ಪ್ರಶ್ನೆಯನ್ನು ಇಷ್ಟು ದೊಡ್ಡವರು ಕೇಳಬೇಕಾದರೆ ಇದರಲ್ಲಿ ಏನೋ ಆಳವಿದೆ. ನ್ಯಾಮೆಚೆ ಎದ್ದಳು. "ಮಡಕೆಯಲ್ಲಿದ್ದದ್ದು ಒಂದು ಇಡೀ ಪೀಳಿಗೆಯ ಮೌನ."

ಮೌನ ಮಡಕೆಯಲ್ಲಿ ಹೇಗಮ್ಮಾ ಇರುತ್ತೆ ಎಂದು ಕೇಳಲು ಎಬೊ ಅವರ ನಾಲಿಗೆ ತುರಿಸಿತು. ಆದರೆ ಒಚ್ಯಾಮೆಗೆ ಸ್ವಂತ ಮಾತಿಲ್ಲ. ಬಿಸಿತುಪ್ಪ ನುಂಗಿದಂತೆ ನುಂಗಿ ಅದನ್ನೇ ಅಲಂಕರಿಸಿ ದಾಟಿಸಿದರು. ಫೀಫಿಯ ಪ್ರಕಾರ ಮಡಕೆಯಲ್ಲಿದ್ದದ್ದು ಚರಿತ್ರೆ. ಇನ್ನೊಬ್ಬಳ ಪ್ರಕಾರ ಹೆಣ್ಣಿನ ಗರ್ಭ. ಕೊನೆಯ ಬೆಂಚಿನವನ ಪ್ರಕಾರ ಸ್ವತಃ ಮಡಕೆಯೇ. ಮೂರು ವಾರ ಇದೇ ಚರ್ಚೆ ನಡೆಯಿತು. ಮೂವತ್ತು ಜನ ಮೂವತ್ತು ಉತ್ತರ ಕೊಟ್ಟರು, ಮಡಕೆಗೆ ಕೈಹಾಕಿ ಒಂದು ಪದಾರ್ಥ ಹೊರಗೆ ತೆಗೆದವರು ಒಬ್ಬರೂ ಇಲ್ಲ. ಇದಕ್ಕೇ ಉನ್ನತ ಶಿಕ್ಷಣ ಎನ್ನುತ್ತಾರೆ.

ಮನೆಯಲ್ಲಿ ಹಾಗಲ್ಲ. ಎಬೊ ಇದ್ದದ್ದು ನಾಲ್ಕು ಸಂಸಾರ ಒಂದೇ ಅಂಗಳ ಸುತ್ತಿಕೊಂಡಿದ್ದ ವಠಾರದಲ್ಲಿ. ಅಲ್ಲಿ ಒಬ್ಬರ ಸಾರಿಗೆ ಉಪ್ಪು ಕಡಿಮೆಯಾದರೆ ನಾಲ್ಕೂ ಮನೆಗೆ ಗೊತ್ತು. ಮಡಕೆಯ ವಿಷಯ ಗೊತ್ತಾಗದೆ ಇದ್ದೀತೇ?

"ಉಪ್ಪು ಕಣೋ," ಎಂದರು ವಠಾರದ ಒಡತಿ ಎಫುವಾ ಅತ್ತೆ, ಹುಳಿಬಂದ ಮೆಕ್ಕೆಜೋಳದ ಹಿಟ್ಟಿನಿಂದ ಬೇಯಿಸಿದ ಕೆಂಕೆ ಉಂಡೆಗಳನ್ನು ಬಾಳೆಲೆಯ ಸಮೇತ ಬುಟ್ಟಿಗೆ ಜೋಡಿಸುತ್ತ. "ಗಂಡಸು ಹೆಂಡ್ತಿಗೆ ಬಚ್ಚಿಟ್ಟು ಹೋಗ್ಬೇಕು ಅಂದ್ರೆ ಉಪ್ಪೇ ಇಡೋದು."

"ಉಪ್ಪಂತೆ!" ದೋಣಿಯ ಯಜಮಾನ ಕೋವ್ ಎಗ್ಗಿರ್ ಬಲೆ ಹೊಲಿಯುವುದು ನಿಲ್ಲಿಸಿದ. "ಅದರಲ್ಲಿರೋದು ಇನ್ನೊಬ್ಬಳ ರವಿಕೆ. ಅದಕ್ಕೇ ಅಯ್ಯೋ ಅಂದಿದ್ದು. ಉಪ್ಪು ನೋಡಿ ಯಾರಾದ್ರೂ ಅಯ್ಯೋ ಅಂತಾರಾ ಅತ್ತೆ?"

"ನಿನ್ನ ಅನುಭವ ನೀನು ಹೇಳ್ತೀಯ ಬಿಡು."

ಎರಡು ವಾರ ಅವರಿಬ್ಬರಿಗೂ ಮಾತಿಲ್ಲದೆ ಹೋಯಿತು. ಕೋವ್ ಬೇರೆ ಕಡೆ ಕೆಂಕೆ ಕೊಂಡ, ಎಫುವಾ ಅತ್ತೆ ಬೇರೆ ದೋಣಿಯ ಮೀನು ಕೊಂಡರು. ಎಬೊ ಅವರನ್ನು ಕಂಡಾಗ ಮಾತ್ರ ಇಬ್ಬರದೂ ಒಂದೇ ಸ್ವರ. "ದಿನಾ ಇಸ್ತ್ರಿ ಮಾಡ್ಕೊಂಡು ಹೋಗ್ತೀಯ, ಒಂದು ಮಡಕೇಲಿ ಏನಿತ್ತು ಅಂತ ತಿಳ್ಕೊಂಡು ಬರೋಕಾಗಲ್ವಾ?"

ಹೆಂಡತಿ ಎಕುವಾ ಹೊಲಿಗೆ ಯಂತ್ರ ತುಳಿಯುವುದು ನಿಲ್ಲಿಸಿ ಕೇಳಿದಳು. "ಯಾರನ್ನಾದ್ರೂ ಕೇಳಬಾರ್ದಾ?"

"ಕೈ ಎತ್ತಿಬಿಟ್ಟಿದೀನಿ ಕಣೇ."

"ಎತ್ತಿದ್ದನ್ನ ಇಳಿಸಿ."

"ಹೆಂಗೆ ಇಳಿಸ್ಲಿ? ಈಗ ಕೈಲಿ ಕೋಲಿದೆ."

ಹತ್ತನೆಯ ವಾರ ವಿಭಾಗದ ಗುಮಾಸ್ತೆ ಎಬೊ ಅವರನ್ನು ಕರೆದು ಅಂಕಪಟ್ಟಿ ತೋರಿಸಿದಳು. ಚರ್ಚೆಯಲ್ಲಿ ಹೇಳಿದ ಸ್ವಂತ ಅಭಿಪ್ರಾಯಕ್ಕೇ ಒಟ್ಟು ಅಂಕದ ಅರ್ಧ. ಎಲ್ಲರ ಹೆಸರಿನ ಮುಂದೆ ಏನಾದರೊಂದು ಇತ್ತು, ಎಬೊ ಅವರ ಮುಂದೆ ಬರೀ ಗೆರೆ.

"ಇಡೀ ತರಗತೀಲಿ ಮಾತಾಡಿದ್ದೇ ನಾನು!" ಎಂದರು ಎಬೊ.

"ಮಾತಾಡಿದೀರ, ಆದ್ರೆ ನಿಮ್ಮದು ಒಂದೂ ಇಲ್ವಲ್ಲ ಸಾರ್. ಹೊರಗಿನ ಪರೀಕ್ಷಕರು ಮಂಗಳವಾರ ಬರ್ತಾರೆ. ಅವರ ಮುಂದೆ ಕೂತು ನಿಮ್ಮ ಮಾತು ನೀವು ಹೇಳಿ. ಇಲ್ದಿದ್ರೆ ಫೇಲು."

ಎಬೊ ಅವರ ಕಣ್ಣ ಮುಂದೆ ಆಫೀಸಿನ ಮೇಜು, ಅದರ ಆಚೆ ತಾವೇ ತಯಾರುಮಾಡಿದ ಸಾಹೇಬ, ಈಚೆ ರಜೆಚೀಟಿ ಹಿಡಿದ ತಾವು. ನಿಜವಾಗಿಯೂ ಹೆದರಿದರು ಪಾಪ.

ಮಂಗಳವಾರ ಆ ಕರಾವಳಿಯಲ್ಲಿ ಯಾರೂ ಕಡಲಿಗಿಳಿಯುವುದಿಲ್ಲ. ಅದು ಕಡಲಿನ ವಿಶ್ರಾಂತಿಯ ದಿನ. ಹೀಗಾಗಿ ಕೋವ್ ಎಗ್ಗಿರ್ ತನ್ನ ದೋಣಿಯ ಅಷ್ಟೂ ಜನರನ್ನು ಕಟ್ಟಿಕೊಂಡು ತರಗತಿಯ ಎಡಗಡೆಯ ಕಿಟಕಿಗೆ ಬಂದು ನಿಂತ. ಬಲಗಡೆಯ ಕಿಟಕಿಯಲ್ಲಿ ಎಫುವಾ ಅತ್ತೆ, ತಲೆಯ ಮೇಲೆ ಕೆಂಕೆ ಬುಟ್ಟಿ, ಪಕ್ಕದಲ್ಲಿ ಎಕುವಾ. ಒಳಗೆ ಮೂವತ್ತು ವಿದ್ಯಾರ್ಥಿಗಳು, ಎತ್ತರದ ಕುರ್ಚಿಯಲ್ಲಿ ನಾನಾ, ಮೂಲೆಯಲ್ಲಿ ಎಗ್ಯಾ ಬೊಯ್ದು.

ಪರೀಕ್ಷಕಿ ಮೇಡಮ್ ಫೋರ್ಸನ್ ಅವರಿಗೆ ಎಪ್ಪತ್ತು ದಾಟಿತ್ತು. ಐವತ್ತು ವರ್ಷದ ಕೆಳಗೆ ಈ ನಾಟಕ ಮೊದಲು ರಂಗಕ್ಕೆ ಬಂದಾಗ ಮುದುಕಿಯ ಪಾತ್ರ ಮಾಡಿದವರು ಇವರೇ. ಆಗ ಮುಖಕ್ಕೆ ಸುಕ್ಕು ಬರೆದುಕೊಳ್ಳಬೇಕಾಗಿತ್ತಂತೆ. ಅವರು ಎಬೊ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಆ ಕೋಲು ಕೆಳಗಿಡಿ."

ಎಬೊ ಕೋಲನ್ನು ಎಗ್ಯಾ ಬೊಯ್ದುಗೆ ಒಪ್ಪಿಸಿದರು. ಕೈ ಬರಿದಾದ ಕೂಡಲೇ ಮೈಮೇಲೆ ಬಟ್ಟೆಯೇ ಇಲ್ಲವೆನಿಸಿತು.

"ಈಗ ನಿಮ್ಮ ಬಾಯಿಂದ ಹೇಳಿ. ನಾಟಕದ ಮುಕ್ತಾಯದ ಬಗ್ಗೆ ನಿಮಗೆ ಏನನ್ಸುತ್ತೆ?"

ಎಬೊ ಅಭ್ಯಾಸಬಲದಿಂದ ಎಡಕ್ಕೆ ತಿರುಗಿದರು, ಬಲಕ್ಕೆ ತಿರುಗಿದರು. ಯಾರಾದರೂ ಏನಾದರೂ ಅಂದಿದ್ದರೆ ಅದಕ್ಕೆ ಕಡಲು, ಆನೆ, ಒಲೆ ಎಲ್ಲ ಸೇರಿಸಿ ಸಾಗಿಸುತ್ತಿದ್ದರು. ಯಾರೂ ಏನೂ ಅನ್ನಲಿಲ್ಲ. ಕೊನೆಗೆ ಮೇಡಮ್ ಕಡೆಗೇ ತಿರುಗಿದರು.

"ಅಮ್ಮಾ, ನಾನು ಸುಳ್ಳು ಹೇಳಿದೆ. ಕೊನೇ ಪುಟ ನಾನು ಓದಿಲ್ಲ. ನನ್ನ ಹತ್ರ ಇರೋದು ನಲವತ್ತೇಳೇ ಪುಟ. ಮೊದಲ್ನೇ ದಿನ ಮರ್ಯಾದೆಗೆ ಕೈ ಎತ್ತಿಬಿಟ್ಟೆ. ಅವತ್ತಿಂದ ತಿಂದಿದ್ದು ರುಚಿಸ್ತಿಲ್ಲ. ನನ್ನ ವಠಾರದಲ್ಲಿ ಎರಡು ಪಂಗಡ ಆಗಿದೆ. ಫೇಲ್ ಮಾಡೋದಿದ್ರೆ ಮಾಡಿ, ಆದ್ರೆ ಅದಕ್ಕೆ ಮುಂಚೆ ದಮ್ಮಯ್ಯ, ಒಂದು ಹೇಳ್ಬಿಡಿ. ಆ ಮಡಕೇಲಿ ಏನಿತ್ತು?"

ತರಗತಿಯಲ್ಲಿ ಒಬ್ಬರೂ ನಗಲಿಲ್ಲ. ಅದು ವಿಚಿತ್ರವಾಗಿತ್ತು. ಅದಕ್ಕಿಂತ ವಿಚಿತ್ರವೆಂದರೆ ಮೂವತ್ತು ಜನವೂ ಬೆಂಚಿನಿಂದ ಮುಂದಕ್ಕೆ ಬಾಗಿದ್ದರು. ಎರಡೂ ಕಿಟಕಿಗಳು ಮುಂದಕ್ಕೆ ಬಾಗಿದ್ದವು. ಎಲ್ಲರಿಗಿಂತ ಹೆಚ್ಚು ಬಾಗಿದವರು ನಾನಾ. ಬಾಗಿದ ರಭಸಕ್ಕೆ ಅವರ ಕಾಲು ಚಪ್ಪಲಿಯಿಂದ ಜಾರಿ ನೆಲ ಸೋಕುವುದರಲ್ಲಿತ್ತು. ದೊರೆಯ ಬರಿಗಾಲು ನೆಲ ಮುಟ್ಟಿದರೆ ಊರಿಗೆ ಕ್ಷಾಮ ಎಂದು ಎಗ್ಯಾ ಬೊಯ್ದು ಓಡಿಬಂದು ಚಪ್ಪಲಿ ತುರುಕಿದರು.

ಮೇಡಮ್ ಫೋರ್ಸನ್ ಕೈಚೀಲದಿಂದ ಹಳದಿಗಟ್ಟಿದ ಪುಟ್ಟ ಪುಸ್ತಕ ತೆಗೆದರು. ಅಚ್ಚಾದ ಅಸಲು ಪ್ರತಿ. ಕೊನೆಯ ಹಾಳೆ ಮಗುಚಿ ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದರು.

"ಪುಟ ನಲವತ್ತೆಂಟು. ಮುದ್ರಣಾಲಯದ ವಿಳಾಸ. ನಮ್ಮಲ್ಲಿ ಭಕ್ತಿಗೀತೆಗಳ ಪುಸ್ತಕ ಹಾಗೂ ಮೀನುಗಾರರ ಪಂಚಾಂಗ ದೊರೆಯುತ್ತವೆ." ಪುಸ್ತಕ ಮುಚ್ಚಿದರು. "ಅಷ್ಟೇ. ನಾಟಕ ನಲವತ್ತೇಳಕ್ಕೇ ಮುಗ್ದಿದೆ."

ನ್ಯಾಮೆಚೆ ಕೆಳಗೆ ಬಿದ್ದಿರದ ಪೆನ್ನನ್ನು ಹುಡುಕಲು ಬೆಂಚಿನಡಿ ಇಳಿದಳು. ಫೀಫಿಯ ನೆಂದ ಪ್ರತಿ, ಇನ್ನೊಬ್ಬನ ಮೇಕೆ, ಎಲ್ಲದರ ಅರ್ಥ ಎಬೊ ಅವರಿಗೆ ಒಟ್ಟಿಗೇ ಆಯಿತು. ಎತ್ತರದ ಕುರ್ಚಿಯಿಂದ, ಯಾರಿಗೂ ಅಲ್ಲದೆ, ಗಾಳಿಗೆ ಎಂಬಂತೆ ಒಂದು ಮಾತು ಬಿತ್ತು. "ಹತ್ತೊಂಬತ್ತು ವರ್ಷ... ಹತ್ತೊಂಬತ್ತು ವರ್ಷದಿಂದ ಯಾರಾದ್ರೂ ಹೇಳ್ತಾರೇನೋ ಅಂತ ಕಾಯ್ತಿದ್ದೆ." ಐದನೆಯ ವಾರ ಎಬೊ ಕದ್ದು ಸೇರಿಸಿದ ಪ್ರಶ್ನೆ, ಪಾಪ, ದೊರೆಯ ಹೊಟ್ಟೆಯಲ್ಲೇ ಇದ್ದ ಪ್ರಶ್ನೆಯಾಗಿತ್ತು. ಒಚ್ಯಾಮೆ ತನ್ನ ಕೆಲಸವನ್ನು ಅದಕ್ಕಿಂತ ಚೆನ್ನಾಗಿ ಎಂದೂ ಮಾಡಿರಲಿಲ್ಲ.

"ಆದ್ರೆ ನನ್ನ ಪ್ರಶ್ನೆ ಹಾಗೇ ಇದೆ," ಎಂದರು ಮೇಡಮ್. "ಅಯ್ಯೋ ಇದರಲ್ಲಿ, ಅಂತ ಅಂದು ಮುದುಕಿ ಯಾಕೆ ನಿಲ್ಲಿಸಿದ್ಳು?"

ಎಬೊ ಯೋಚಿಸಿದರು. ಜಗುಲಿಯಲ್ಲಿ ಕೂತು ತುಟಿ ಅಲ್ಲಾಡಿಸಿ ಓದಿದ ನಲವತ್ತೇಳನೆಯ ಪುಟ ಕಣ್ಣಿಗೆ ಬಂತು. ಕಡಲೂ ಬರಲಿಲ್ಲ, ಆನೆಯೂ ಬರಲಿಲ್ಲ.

"ಕೇಳೋರು ಯಾರಿದ್ರಮ್ಮ ಅಲ್ಲಿ?" ಎಂದರು. "ಒಬ್ಬ ಗಣಿ ಕೆಲಸಕ್ಕೆ ಹೋದ, ಒಬ್ಬ ಹೆಂಡ್ತಿ ಊರಿಗೆ ಹೋದ, ಕೊನೆಯವನು ಆರನೇ ಮಡಕೆ ಒಡೆದು ಹೋದ. ಆರು ಸಲ ಮುಚ್ಚಳ ತೆಗೆದಾಗಲೂ, ಏನಿದೆಯವ್ವಾ, ಅಂತ ಮೂವರೂ ಮೇಲೆ ಬೀಳ್ತಿದ್ರು. ಏಳನೇ ಸಲ, ಅಯ್ಯೋ ಇದರಲ್ಲಿ, ಅಂತ ಶುರುಮಾಡಿ ತಲೆ ಎತ್ತಿ ನೋಡ್ತಾಳೆ, ಯಾರೂ ಇಲ್ಲ. ಯಾರಿಗೆ ಅಂತ ಹೇಳ್ತಾಳೆ? ಅದಕ್ಕೆ ನಿಲ್ಲಿಸಿದ್ಳು. ಒಳಗೆ ಏನಿದ್ರೇನು, ಕೇಳೋರಿಲ್ಲ."

ಕಿಟಕಿಯಲ್ಲಿ ಎಫುವಾ ಅತ್ತೆ ಸೆರಗಿನಂತೆ ಬಟ್ಟೆಯ ತುದಿಯನ್ನು ಕಣ್ಣಿಗೆ ಒತ್ತಿಕೊಂಡರು. ಮೇಡಮ್ ಫೋರ್ಸನ್ ಪುಸ್ತಕವನ್ನು ಮತ್ತೆ ತೆರೆದು ನಲವತ್ತೇಳನೆಯ ಪುಟದ ಕೊನೆಯ ಸಾಲು ನೋಡಿದರು. "ನಲವತ್ತು ಪ್ರದರ್ಶನ ಮಾಡಿದೆ ನಾನು," ಎಂದರು ಕೊನೆಗೆ. "ಪ್ರತಿ ಸಲವೂ ಮಡಕೆ ಒಳಗೇ ನೋಡ್ತಾ ನಿಂತೆ. ಒಂದು ಸಲಾನೂ ತಲೆ ಎತ್ತಲಿಲ್ಲ." ಪಟ್ಟಿಯಲ್ಲಿದ್ದ ಗೆರೆಯ ಮೇಲೆ ಅಂಕ ಬರೆದರು.

ಆಗ ನಾನಾ ಅವರಿಗೆ ತಡೆಯಲಾಗಲಿಲ್ಲ. ಎದ್ದು ನಿಂತು, "ಅಲ್ಲಾರೀ ಎಬೊ, ಇಷ್ಟು ಚೆನ್ನಾದ ಮಾತನ್ನ ಮೊದಲೇ ಯಾಕ್ರೀ ಹೇಳಲಿಲ್ಲ?" ಎಂದು ನೇರವಾಗಿ, ಬಾಯಿತುಂಬ ಕೇಳಿಬಿಟ್ಟರು.

"ಒಂದು ಕುರಿ!" ಎಂದರು ಎಗ್ಯಾ ಬೊಯ್ದು.

"ಯಾರೂ ನನ್ನ ಕೇಳ್ಲೇ ಇಲ್ವಲ್ಲ ನಾನಾ!" ಎಂದರು ಎಬೊ, ಅಷ್ಟೇ ನೇರವಾಗಿ.

"ಎರಡು ಕುರಿ!"

ಆ ಭಾನುವಾರ ಎರಡೂ ಕುರಿಗಳು ವಠಾರದ ಅಂಗಳದಲ್ಲಿ ಎಫುವಾ ಅತ್ತೆಯ ಕೆಂಕೆ ಬೇಯಿಸುವ ದೊಡ್ಡ ಮಡಕೆಯಲ್ಲಿ ಸಾರಾದವು. ದಂಡದ ಕುರಿಯನ್ನು ಹತ್ತು ಜನರೊಡನೆ ಹಂಚಿ ತಿಂದರೇ ದೋಷ ಪರಿಹಾರ. ವಿದ್ಯಾರ್ಥಿಗಳು ಬಂದರು, ಇಡೀ ದೋಣಿ ಬಂತು, ನಾನಾ ಬಂದರು. ದೊರೆ ಉಣ್ಣುವುದನ್ನು ಯಾರೂ ನೋಡಬಾರದೆಂದು ಅವರಿಗೆ ಎಬೊ ಅವರ ಕೋಣೆಯಲ್ಲಿ ಎಲೆ ಹಾಕಿದ್ದರು, ಅವರು ಬಾಗಿಲಿನ ಸಂದಿಯಿಂದ ಇಣುಕುತ್ತಿದ್ದರು. ಕೋವ್ ಎಗ್ಗಿರ್ ಎಫುವಾ ಅತ್ತೆಗೆ ಎರಡು ಒಳ್ಳೆಯ ಮೀನು ತಂದು ಕೊಟ್ಟ, ಆದರೂ ಅದು ರವಿಕೆಯೇ ಎಂದ. ಅವರು ಮೀನು ತೆಗೆದುಕೊಂಡು, ಉಪ್ಪೇ ಎಂದರು.

ಸಾರು ಕುದಿಯಿತು. ಎಫುವಾ ಅತ್ತೆ ಬಟ್ಟೆ ಹಿಡಿದು ಮುಚ್ಚಳ ಎತ್ತಿದರು. ಹಬೆ ಮುಖಕ್ಕೆ ಬಡಿಯಿತು. ಒಳಗೆ ನೋಡಿ, ಕಣ್ಣಲ್ಲೇ ನಗುತ್ತ, "ಅಯ್ಯೋ, ಇದರಲ್ಲಿ—" ಎಂದು ನಿಲ್ಲಿಸಿ, ತಲೆ ಎತ್ತಿ ನೋಡಿದರು.

ಎದುರಿಗೆ ಅರವತ್ತು ಬಟ್ಟಲುಗಳಿದ್ದವು. "ಏನಿದೆ ಅತ್ತೆ? ಏನಿದೆ?" ಎಂದು ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಜೋರಾಗಿ ಕೂಗಿದವರು ಎಬೊ ಕ್ವಾನ್ಸಾ, ಬಲಗೈಯನ್ನು ಆದಷ್ಟು ಮೇಲಕ್ಕೆ ಎತ್ತಿ.